ಸರ್ವರ್ ರೂಮಿಗೆ ಇನ್ನೊಂದು ಎಸಿ ಬೇಕಾ, ಇರುವ ಗಾಳಿಯನ್ನೇ ಸರಿಮಾಡಬೇಕಾ?

ರ‍್ಯಾಕ್ ಕಾವಲು

ಎಲ್ಲರಿಗೂ ನಮಸ್ಕಾರ. ನಮ್ಮ ಸರ್ವರ್ ರೂಮಿನ ವಿಷಯ ಕೇಳಬೇಕಿತ್ತು. ಸರ್ವರ್ ಜೋಡಿಸುವ ಹದಿನಾರು ರ‍್ಯಾಕ್ ಇವೆ. ಸರ್ವರ್‌ಗಳೆಲ್ಲ ಸೇರಿ ಎಳೆಯುವುದು ಸುಮಾರು 60 ಕಿಲೋವ್ಯಾಟ್. ತಂಪಿಗೆ 30 ಕಿಲೋವ್ಯಾಟ್‌ನ ನಾಲ್ಕು ಪ್ರಿಸಿಷನ್ ಎಸಿ ಇವೆ. ಮೂರು ಓಡುತ್ತವೆ, ಒಂದು ಸ್ಟ್ಯಾಂಡ್‌ಬೈ. ಒಂದೊಂದು ಎಸಿಯೂ ಗಂಟೆಗೆ 8,500 ಘನ ಮೀಟರ್ ಗಾಳಿ ತಳ್ಳುತ್ತದೆ. ಗಾಳಿ ರೇಸ್ಡ್ ಫ್ಲೋರ್ (ಎತ್ತರಿಸಿ ಹಾಕಿದ ಟೈಲ್ ನೆಲ) ಕೆಳಗಿನಿಂದ ಬಂದು ತೂತಿನ ಟೈಲ್‌ಗಳ ಮೂಲಕ ಮೇಲೆ ಬರುತ್ತದೆ. ಸೆಟ್ ಪಾಯಿಂಟ್, ಅಂದರೆ ಎಸಿಗೆ ಹೊಂದಿಸಿಟ್ಟ ತಾಪಮಾನ, 20 ಡಿಗ್ರಿ.

ಒಳಗೆ ಕಾಲಿಟ್ಟರೆ ಚಳಿ ಹಿಡಿಯುತ್ತದೆ. ಆದರೂ ಸಾಲಿನ ಕೊನೆಯ ಎರಡು ರ‍್ಯಾಕ್‌ಗಳಲ್ಲಿ ಮೇಲಿರುವ ಸರ್ವರ್‌ಗಳಿಗೆ 32 ಡಿಗ್ರಿ ಗಾಳಿ ಹೋಗುತ್ತಿದೆ. ಅಲಾರಂ ಬರುತ್ತಲೇ ಇದೆ. ಮೇಲಿನವರು ಐದನೇ ಎಸಿ ಹಾಕಿಸೋಣ ಎನ್ನುತ್ತಿದ್ದಾರೆ. 60 ಕಿಲೋವ್ಯಾಟ್ ಲೋಡಿಗೆ 90 ಕಿಲೋವ್ಯಾಟ್ ಎಸಿ ಈಗಲೇ ಓಡುತ್ತಿದೆಯಲ್ಲ! ಇನ್ನೊಂದು ಹಾಕಿದರೆ ನಿಜಕ್ಕೂ ಸರಿಹೋಗುತ್ತದೆಯೇ? ಅನುಭವ ಇರುವವರು ದಯವಿಟ್ಟು ಹೇಳಿ.

ಡಕ್ಟ್ ಮೇಸ್ತ್ರಿ

ಐದನೇ ಎಸಿಯ ಆರ್ಡರ್ ಸದ್ಯಕ್ಕೆ ತಡೆಹಿಡಿಸಿ. ನಿಮ್ಮ ಅಂಕಿಗಳೇ ಉತ್ತರ ಕೊಡುತ್ತಿವೆ.

ಸರ್ವರ್ ಒಳಗೆ ಹೋದ ಗಾಳಿ ಹೊರಬರುವಾಗ ಸುಮಾರು 12 ಡಿಗ್ರಿ ಬಿಸಿಯಾಗಿರುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದು ಕಿಲೋವ್ಯಾಟ್ ಶಾಖ ಹೊತ್ತೊಯ್ಯಲು ಗಂಟೆಗೆ ಸುಮಾರು 250 ಘನ ಮೀಟರ್ ಗಾಳಿ ಸಾಕು. ನಿಮ್ಮ 60 ಕಿಲೋವ್ಯಾಟ್‌ಗೆ 15,000. ನೀವು ತಳ್ಳುತ್ತಿರುವುದು 25,500. ಅಂದರೆ ಹತ್ತು ಸಾವಿರ ಘನ ಮೀಟರ್‌ಗಿಂತ ಜಾಸ್ತಿ ತಣ್ಣನೆ ಗಾಳಿ ಯಾವ ಸರ್ವರನ್ನೂ ಮುಟ್ಟದೆ ಎಸಿಗೆ ವಾಪಸ್ ಹೋಗುತ್ತಿದೆ. ಇದಕ್ಕೆ ಬೈಪಾಸ್ ಗಾಳಿ ಎನ್ನುತ್ತೇವೆ. ಇನ್ನೊಂದು ಎಸಿ ಹಾಕುವುದು ತೂತು ಕೊಡಕ್ಕೆ ಇನ್ನೊಂದಿಷ್ಟು ನೀರು ಸುರಿದ ಹಾಗೆ.

ಇಷ್ಟೊಂದು ಗಾಳಿ ಇದ್ದೂ ಕೊನೆಯ ರ‍್ಯಾಕ್‌ಗಳಿಗೆ 32 ಡಿಗ್ರಿ ಯಾಕೆ? ಆ ಸರ್ವರ್‌ಗಳು ತಮ್ಮ ಹಿಂದಿನಿಂದ ಬಂದ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿವೆ. ರ‍್ಯಾಕ್‌ನಲ್ಲಿ ಖಾಲಿ ಜಾಗ ಇದ್ದರೆ ಬಿಸಿ ಗಾಳಿ ಅಲ್ಲಿಂದ ನುಸುಳಿ ಮುಂದೆ ಬರುತ್ತದೆ. ಸಾಲಿನ ತುದಿಯಲ್ಲಿ ಸುತ್ತಿಕೊಂಡು ಬರುತ್ತದೆ, ರ‍್ಯಾಕ್ ತಲೆಯ ಮೇಲಿಂದಲೂ ದಾಟಿ ಬರುತ್ತದೆ. ಅದಕ್ಕೇ ತುದಿಯ ರ‍್ಯಾಕ್, ಅದರಲ್ಲೂ ಮೇಲಿನ ಸರ್ವರ್‌ಗಳು ಮೊದಲು ಬಳಲುತ್ತವೆ. ಹೆಚ್ಚು ಕಡಿಮೆ ಎಲ್ಲ ಕಡೆ ಇದೇ ಜಾಗದಲ್ಲಿ ಹಾಟ್ ಸ್ಪಾಟ್ ಬರುತ್ತದೆ.

ಮೊದಲು ಒಂದು ಟಾರ್ಚ್ ಹಿಡಿದು ರೂಮ್ ಸುತ್ತಿ. ಸರ್ವರ್ ಇಲ್ಲದ ಖಾಲಿ ಜಾಗಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್, ಅಂದರೆ ಮುಚ್ಚುವ ಹಲಗೆ, ಇದೆಯೇ? ಕೇಬಲ್ ಇಳಿಸಲು ನೆಲದಲ್ಲಿ ಕೊರೆದ ತೂತುಗಳಿಗೆ ಬ್ರಷ್ ಮುಚ್ಚಳ ಇದೆಯೇ? ತೂತಿನ ಟೈಲ್‌ಗಳು ರ‍್ಯಾಕ್ ಮುಂದೆ ಮಾತ್ರ ಇವೆಯೇ? ಹಿಂದುಗಡೆ ಯಾರಾದರೂ, ಕೆಲಸ ಮಾಡುವಾಗ ಸೆಖೆ ಅಂತ, ಒಂದು ತೂತಿನ ಟೈಲ್ ಹಾಕಿಟ್ಟಿದ್ದಾರೆಯೇ? ಇದನ್ನು ನಾನು ಎಷ್ಟೋ ರೂಮುಗಳಲ್ಲಿ ಕಂಡಿದ್ದೇನೆ. ಆ ಟೈಲ್ ಇವತ್ತೇ ತೆಗೆದು ಗಟ್ಟಿ ಟೈಲ್ ಹಾಕಿ.

ರ‍್ಯಾಕ್ ಕಾವಲು

ಸುತ್ತಿ ನೋಡಿದೆ. ಬ್ಲ್ಯಾಂಕಿಂಗ್ ಪ್ಯಾನೆಲ್ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಇಲ್ಲ. ಕೇಬಲ್ ತೂತುಗಳೆಲ್ಲ ಬಾಯಿ ತೆರೆದುಕೊಂಡೇ ಇವೆ. ಹಾಟ್ ಐಲ್‌ನಲ್ಲಿ, ಅಂದರೆ ಸರ್ವರ್‌ಗಳ ಹಿಂದೆ ಬಿಸಿ ಗಾಳಿ ಬರುವ ಓಣಿಯಲ್ಲಿ, ತೂತಿನ ಟೈಲ್ ನಾಲ್ಕು ಕಡೆ ಇವೆ! ಎಸಿ ಬಾಯಿಂದ ಬರುವ ಗಾಳಿ 13 ಡಿಗ್ರಿ ಇದೆ. ಸೆಟ್ ಪಾಯಿಂಟ್ 20 ಇರುವಾಗ 13 ಯಾಕೆ ಬರುತ್ತಿದೆ?

ಚಿಲ್ಲರ್ ಮನೆ

ಯಾಕೆಂದರೆ ನಿಮ್ಮ ಎಸಿಯ ಸೆನ್ಸರ್ ಇರುವುದು ವಾಪಸ್ ಬರುವ ಗಾಳಿಯಲ್ಲಿ. ಎಸಿ ಕಾಪಾಡುತ್ತಿರುವುದು ತನ್ನ ಬಾಯಿಗೆ ಮರಳಿ ಬಂದ ಗಾಳಿಯ 20 ಡಿಗ್ರಿಯನ್ನು. ಅದು ಸರ್ವರ್‌ಗೆ ಸಂಬಂಧವೇ ಇಲ್ಲದ ಅಂಕಿ. 25,500 ಘನ ಮೀಟರ್ ಗಾಳಿಗೆ 60 ಕಿಲೋವ್ಯಾಟ್ ಸೇರಿದರೆ ಏರುವುದು ಸುಮಾರು 7 ಡಿಗ್ರಿ. 20ರಿಂದ 7 ಕಳೆದರೆ 13. ಸರಿಯಾಗಿ ಕೂತಿದೆ ನೋಡಿ.

ಈ 13 ಡಿಗ್ರಿಯಿಂದ ಇನ್ನೊಂದು ನಷ್ಟವೂ ಇದೆ. ಗಾಳಿ ಅಷ್ಟು ತಣ್ಣಗಾಗಬೇಕಾದರೆ ಎಸಿಯ ಕಾಯಿಲ್ (ಗಾಳಿಯನ್ನು ತಣ್ಣಗೆ ಮಾಡುವ ಕೊಳವೆ ಸುರುಳಿ) ಅದಕ್ಕಿಂತಲೂ ತಣ್ಣಗಿರಬೇಕು. ಕಾಯಿಲ್ ಡ್ಯೂ ಪಾಯಿಂಟ್‌ಗಿಂತ (ತೇವ ನೀರಾಗಲು ಶುರುವಾಗುವ ತಾಪಮಾನ) ಕೆಳಗಿಳಿದರೆ ಗಾಳಿಯಲ್ಲಿನ ತೇವ ನೀರಾಗಿ ಇಳಿಯುತ್ತದೆ. ರೂಮ್ ಒಣಗುತ್ತದೆ. ತೇವ ಕಡಿಮೆಯಾಯಿತು ಅಂತ ಹ್ಯೂಮಿಡಿಫೈಯರ್ ಶುರುವಾಗಿ ನೀರು ಕುದಿಸಿ ಹಬೆ ಬಿಡುತ್ತದೆ. ಆ ಹಬೆ ಮತ್ತೆ ಕಾಯಿಲ್ ಮೇಲೆ ನೀರಾಗುತ್ತದೆ. ಎರಡು ಎಸಿಗಳ ಸೆನ್ಸರ್ ಸ್ವಲ್ಪ ಹೆಚ್ಚುಕಮ್ಮಿ ತೋರಿಸಿದರೆ ಇನ್ನೂ ಕಷ್ಟ. ಒಂದು ತೇವ ಸೇರಿಸುತ್ತಿರುತ್ತದೆ, ಪಕ್ಕದ್ದು ತೇವ ತೆಗೆಯುತ್ತಿರುತ್ತದೆ. ಎರಡಕ್ಕೂ ಕರೆಂಟು ಹೋಗುತ್ತಲೇ ಇರುತ್ತದೆ. ನಾಲ್ಕೂ ಎಸಿಗಳ ಡಿಸ್‌ಪ್ಲೇ ಈಗಲೇ ನೋಡಿ ಬನ್ನಿ, ಯಾವುದು ಯಾವ ಮೋಡ್‌ನಲ್ಲಿದೆ ಅಂತ.

ತಾಪಮಾನದ ಮಾತಿಗೆ ಬಂದರೆ, ಎಸಿ ಎಂಜಿನಿಯರುಗಳ ಅಮೆರಿಕನ್ ಸಂಘವಾದ ಆಶ್ರೇ 2004ರಲ್ಲಿ ಸರ್ವರ್‌ಗಳಿಗೆ ಶಿಫಾರಸು ಮಾಡಿದ್ದು 20ರಿಂದ 25 ಡಿಗ್ರಿ. 2008ರಲ್ಲಿ ಅದನ್ನು 18ರಿಂದ 27ಕ್ಕೆ ಹಿಗ್ಗಿಸಿದರು. ಇದು ಸರ್ವರ್‌ನ ಮುಂಭಾಗದಲ್ಲಿ, ಅದು ಗಾಳಿ ಎಳೆದುಕೊಳ್ಳುವ ಕಡೆ ಅಳೆಯುವ ತಾಪಮಾನ. ರೂಮಿನ ಸರಾಸರಿ ಅಲ್ಲ, ಗೋಡೆಯ ಥರ್ಮಾಮೀಟರ್ ಅಲ್ಲ. ಆಶ್ರೇ ವಿಂಗಡಣೆಯ ಎ2 ದರ್ಜೆಯ ಸರ್ವರ್‌ಗಳಿಗೆ 35ರವರೆಗೂ ಅನುಮತಿ ಇದೆ. ಅಲ್ಲಿಗೆ ಹೋಗಬೇಕು ಅಂತಲ್ಲ, ಒಂದು ಮಧ್ಯಾಹ್ನ 29 ಆದರೆ ಗಾಬರಿ ಬೇಡ ಅಷ್ಟೆ.

ಸೆನ್ಸರನ್ನು ಸಪ್ಲೈ ಗಾಳಿಗೆ, ಅಂದರೆ ಎಸಿಯಿಂದ ಹೊರಬರುವ ಗಾಳಿಗೆ, ಬದಲಾಯಿಸಿ. ಅದಕ್ಕಿಂತ ಒಳ್ಳೆಯದು, ರ‍್ಯಾಕ್ ಮುಂದೆ ಕೆಳಗೆ, ನಡುವೆ, ಮೇಲೆ ಒಂದೊಂದು ಸೆನ್ಸರ್ ಇಟ್ಟು ಅದನ್ನು ನೋಡಿ ಓಡಿಸುವುದು.

ಸೊನ್ನೆ ಒಂದು

ನಾನು ಸರ್ವರ್ ಕಡೆಯವನು. ಸೆಟ್ ಪಾಯಿಂಟ್ ಏರಿಸಿ ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಸರ್ವರ್ ಒಳಗೂ ಫ್ಯಾನ್‌ಗಳಿವೆ. ಬರುವ ಗಾಳಿ ಬಿಸಿಯಾದಷ್ಟೂ ಅವು ಜೋರಾಗಿ ತಿರುಗುತ್ತವೆ. ಎಷ್ಟೋ ಮಾದರಿಗಳಲ್ಲಿ 25–27 ಡಿಗ್ರಿ ದಾಟುತ್ತಿದ್ದಂತೆ ಸದ್ದು ಕಿವಿಗಡಚಿಕ್ಕುವಷ್ಟಾಗುತ್ತದೆ. ಚಿಪ್ ಬಿಸಿಯಾದಾಗ ಅದರ ಲೀಕೇಜ್, ಅಂದರೆ ವ್ಯರ್ಥವಾಗಿ ಸೋರುವ, ಕರೆಂಟೂ ಏರುತ್ತದೆ.

ಇದು ಪಿಯುಇ (ಒಟ್ಟು ಕರೆಂಟನ್ನು ಸರ್ವರ್‌ಗಳಂಥ ಐಟಿ ಉಪಕರಣಗಳ ಕರೆಂಟಿನಿಂದ ಭಾಗಿಸಿದ್ದು, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಐಟಿ ಲೋಡ್ 60 ಕಿಲೋವ್ಯಾಟ್, ಅದರಲ್ಲಿ ಸರ್ವರ್ ಫ್ಯಾನ್‌ಗಳದ್ದು 6. ಕೂಲಿಂಗ್ ಮತ್ತು ಉಳಿದದ್ದು 40. ಒಟ್ಟು 100, ಪಿಯುಇ 1.67. ಈಗ ತಾಪಮಾನ ಏರಿಸಿದಿರಿ. ಸರ್ವರ್ ಫ್ಯಾನ್ 9 ಆಯಿತು, ಕೂಲಿಂಗ್ 38ಕ್ಕೆ ಇಳಿಯಿತು. ಐಟಿ 63, ಒಟ್ಟು 101. ಪಿಯುಇ 1.60. ಅಂಕಿ ಚೆನ್ನಾಯಿತು, ಮೀಟರ್ ಜಾಸ್ತಿ ಓಡಿತು! ಸರ್ವರ್ ಫ್ಯಾನ್ ಐಟಿ ಲೆಕ್ಕಕ್ಕೆ ಸೇರುವುದರಿಂದ ಹೀಗಾಗುತ್ತದೆ.

ಚಿಲ್ಲರ್ ಮನೆ

ಸೊನ್ನೆ ಒಂದು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಒಂದೊಂದು ಡಿಗ್ರಿ ಏರಿಸಿ, ಒಟ್ಟು ಮೀಟರ್ ನೋಡಿ, ಮುಂದೆ ಹೋಗಬೇಕು. ಬಹಳಷ್ಟು ಕಡೆ 24–25ರ ಸುತ್ತ ಒಳ್ಳೆಯ ಜಾಗ ಸಿಗುತ್ತದೆ.

ಆದರೂ ಪಿಯುಇಯನ್ನು ತಳ್ಳಿಹಾಕಬೇಡಿ. ಐಟಿ ಕಂಪನಿಗಳ ಗ್ರೀನ್ ಗ್ರಿಡ್ ಒಕ್ಕೂಟ 2007ರಲ್ಲಿ ಅದನ್ನು ಚಾಲ್ತಿಗೆ ತಂದ ಮೇಲೆಯೇ ಜನ ಕೂಲಿಂಗ್ ಕರೆಂಟನ್ನು ಬೇರೆಯಾಗಿ ಅಳೆಯಲು ಶುರುಮಾಡಿದ್ದು. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಸಮೀಕ್ಷೆಯಲ್ಲಿ 2007ರ ಸರಾಸರಿ 2.5 ಇತ್ತು, 2023ರಲ್ಲಿ 1.58. ಗಮನಿಸಬೇಕಾದದ್ದು ಇಷ್ಟು: 2018ರಲ್ಲೂ ಅದು 1.58ರ ಹತ್ತಿರವೇ ಇತ್ತು. ಸುಲಭದ ಉಳಿತಾಯ ಮಾಡಿಕೊಂಡವರು ಮಾಡಿಕೊಂಡರು, ಹಳೆಯ ರೂಮುಗಳು ಹಾಗೇ ಉಳಿದವು. ನಿಮ್ಮಂಥ ರೂಮುಗಳಲ್ಲೇ ಇನ್ನೂ ಉಳಿತಾಯ ಬಾಕಿ ಇರುವುದು.

ಡಕ್ಟ್ ಮೇಸ್ತ್ರಿ

ಫ್ಯಾನ್ ವಿಷಯ ಯಾರೂ ಮುಟ್ಟಲಿಲ್ಲ. ನನಗೆ ಇದೇ ಇಡೀ ಕೆಲಸದ ಹೃದಯ.

ಫ್ಯಾನ್ ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ. ಆದರೆ ಕರೆಂಟು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕರೆಂಟು ವೇಗದ ಘನದ ಲೆಕ್ಕದಲ್ಲಿ ಏರಿಳಿಯುತ್ತದೆ. ಹಾಗಾಗಿ ಮೂರು ಎಸಿ ಪೂರ್ತಿ ವೇಗದಲ್ಲಿ ಓಡಿಸಿ ನಾಲ್ಕನೆಯದನ್ನು ಸುಮ್ನೆ ನಿಲ್ಲಿಸುವುದು ನಷ್ಟ. ನಾಲ್ಕನ್ನೂ 75 ಶೇಕಡಾ ವೇಗದಲ್ಲಿ ಓಡಿಸಿದರೆ ಗಾಳಿ ಅಷ್ಟೇ ಬರುತ್ತದೆ. ಕರೆಂಟು ಮೂರು ಫ್ಯಾನಿನಷ್ಟು ಹೋಗುತ್ತಿದ್ದದ್ದು ಸುಮಾರು 1.7 ಫ್ಯಾನಿನಷ್ಟು ಹೋಗುತ್ತದೆ. ಒಂದು ಕೆಟ್ಟರೆ ಉಳಿದ ಮೂರು ವೇಗ ಏರಿಸಿಕೊಳ್ಳುತ್ತವೆ. ಸ್ಟ್ಯಾಂಡ್‌ಬೈ ಎಸಿ ಬೇಕಾದಾಗ ಶುರುವಾಗುತ್ತದೋ ಇಲ್ಲವೋ ಎಂಬ ಭಯವೂ ಇಲ್ಲ, ಅದು ಓಡುತ್ತಲೇ ಇರುತ್ತದಲ್ಲ.

ಇನ್ನು ಸೋರಿಕೆ ಮುಚ್ಚಿ, ಕೋಲ್ಡ್ ಐಲ್‌ಗೆ (ಸರ್ವರ್‌ಗಳ ಮುಂದಿನ ತಣ್ಣನೆ ಗಾಳಿಯ ಓಣಿ) ಬಾಗಿಲು, ಚಾವಣಿ ಹಾಕಿದಿರಿ ಎನ್ನಿ. ಬೇಕಾದ 15,000ಕ್ಕೆ ಸ್ವಲ್ಪ ಮೇಲೆ, 17,000 ಘನ ಮೀಟರ್ ಸಾಕು. ನಾಲ್ಕು ಎಸಿಗೆ ಅದು ಸರಿಯಾಗಿ ಅರ್ಧ ವೇಗ. ಲೆಕ್ಕದಲ್ಲಿ ಫ್ಯಾನ್ ಕರೆಂಟು ಈಗಿನದರ ಆರನೇ ಒಂದು ಭಾಗ. ಮೋಟಾರ್, ಡ್ರೈವ್ ನಷ್ಟಗಳಿಂದ ನಿಜದಲ್ಲಿ ಅಷ್ಟು ಇಳಿಯದಿರಬಹುದು, ಆದರೂ ಬೇರೆ ಯಾವ ಕೆಲಸದಲ್ಲೂ ಇಷ್ಟು ದೊಡ್ಡ ಉಳಿತಾಯ ನಾನು ನೋಡಿಲ್ಲ.

ಒಂದು ಎಚ್ಚರಿಕೆ. ನಿಮ್ಮವು ಕಂಪ್ರೆಸರ್ ಒಳಗೇ ಇರುವ ಡಿಎಕ್ಸ್ ಯೂನಿಟ್‌ಗಳಾಗಿದ್ದು, ಕಂಪ್ರೆಸರ್‌ಗೆ ಒಂದೇ ವೇಗ ಇದ್ದರೆ, ಗಾಳಿ ತೀರಾ ಕಡಿಮೆ ಮಾಡಬೇಡಿ. ಕಾಯಿಲ್ ಮೇಲೆ ಮಂಜುಗಟ್ಟುತ್ತದೆ. ಎಷ್ಟರವರೆಗೆ ಇಳಿಸಬಹುದು ಅಂತ ತಯಾರಕರ ಕೈಪಿಡಿ ನೋಡಿ. ಬೇರೆ ಕಡೆ ತಣ್ಣಗೆ ಮಾಡಿದ ನೀರು ಹರಿಯುವ ಚಿಲ್ಡ್ ವಾಟರ್ ಯೂನಿಟ್ ಆದರೆ ಈ ಭಯ ಇಲ್ಲ.

ಕಾಯೋ ಕೆಲಸ

ಉಳಿತಾಯದ ಉತ್ಸಾಹ ಒಳ್ಳೆಯದೇ. ನನ್ನ ಕೆಲಸ ರೂಮ್ ನಿಲ್ಲದ ಹಾಗೆ ನೋಡಿಕೊಳ್ಳುವುದು, ಹಾಗಾಗಿ ಇನ್ನೊಂದು ಮಗ್ಗುಲೂ ಹೇಳಬೇಕು.

2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ತಾಪಮಾನ ಮೊದಲ ಬಾರಿ 40 ಡಿಗ್ರಿ ದಾಟಿತು. ಅವತ್ತು ಲಂಡನ್ನಿನಲ್ಲಿ ಗೂಗಲ್ ಮತ್ತು ಒರಾಕಲ್ ಡೇಟಾ ಸೆಂಟರ್‌ಗಳಲ್ಲಿ ಕೂಲಿಂಗ್ ಕೈಕೊಟ್ಟಿತು. ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಸರ್ವರ್ ರೂಮುಗಳೂ ನಿಂತವು. ಅಲ್ಲಿನ ವೈದ್ಯರು ಕಾಗದ, ಪೆನ್ನಿಗೆ ಮರಳಬೇಕಾಯಿತು. ಹೊರಗಿನ ಶಾಖ ಏರಿದಾಗ ಶಾಖವನ್ನು ಹೊರಬಿಡುವ ಕಂಡೆನ್ಸರ್‌ನ ಶಕ್ತಿ ಕುಗ್ಗುತ್ತದೆ, ಅದೇ ಹೊತ್ತಿಗೆ ಕಂಪ್ರೆಸರ್ ಮೇಲೆ ಹೊರೆ ಏರುತ್ತದೆ. ನಾಲ್ಕು ಯಂತ್ರ ಇದ್ದರೂ ನಾಲ್ಕಕ್ಕೂ ಒಂದೇ ಬಿಸಿಲು.

2023ರ ಅಕ್ಟೋಬರ್ 14ರಂದು ಸಿಂಗಾಪುರದಲ್ಲಿ ಆದದ್ದು ಬೇರೆ ಥರ. ಈಕ್ವಿನಿಕ್ಸ್ ಡೇಟಾ ಸೆಂಟರ್‌ನಲ್ಲಿ ಕೂಲಿಂಗ್ ವ್ಯವಸ್ಥೆಯ ಅಪ್‌ಗ್ರೇಡ್ ನಡೆಯುತ್ತಿತ್ತು. ಗುತ್ತಿಗೆದಾರರ ಕಡೆಯಿಂದ ತಪ್ಪು ಸಿಗ್ನಲ್ ಹೋಗಿ ಚಿಲ್ಡ್ ವಾಟರ್ ಬಫರ್ ಟ್ಯಾಂಕ್‌ಗಳ ವಾಲ್ವ್ ಮುಚ್ಚಿಕೊಂಡವು. ಡಿಬಿಎಸ್ ಮತ್ತು ಸಿಟಿ ಬ್ಯಾಂಕ್‌ಗಳ ಸೇವೆ ನಿಂತಿತು. ಸುಮಾರು 25 ಲಕ್ಷ ವಹಿವಾಟುಗಳು ಪೂರ್ತಿಯಾಗಲಿಲ್ಲ. ಟ್ಯಾಂಕ್‌ನಲ್ಲಿ ತಣ್ಣನೆ ನೀರು ಇತ್ತು, ಅದು ಹೋಗುವ ದಾರಿ ಮುಚ್ಚಿತ್ತು.

ಹಾಗಾಗಿ ಕಂಟ್ರೋಲ್‌ನಲ್ಲಿ ಏನೇ ಬದಲಾಯಿಸಿದರೂ ಒಂದೊಂದಾಗಿ ಬದಲಾಯಿಸಿ. ಹಳೆಯ ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ. ವಾಪಸ್ ಹೋಗುವ ದಾರಿ ಇಟ್ಟುಕೊಳ್ಳದೆ ಯಾವ ವಾಲ್ವನ್ನೂ ಮುಟ್ಟಬೇಡಿ.

ಇನ್ನೊಂದು, ಕೋಲ್ಡ್ ಐಲ್ ಮುಚ್ಚಿದ ಮೇಲೆ ಅದರೊಳಗಿನ ಗಾಳಿ ಬಹಳ ಕಡಿಮೆ. ಕರೆಂಟು ಹೋಗಿ ಎಸಿ ಫ್ಯಾನ್ ನಿಂತರೆ, ಯುಪಿಎಸ್ ಮೇಲಿರುವ ಸರ್ವರ್‌ಗಳು ಆ ಗಾಳಿಯನ್ನು ಬೇಗ ಎಳೆದು ಮುಗಿಸುತ್ತವೆ. ಜನರೇಟರ್ ಬಂದ ಮೇಲೂ ಕಂಪ್ರೆಸರ್ ಮತ್ತೆ ಹಿಡಿಯಲು ಕೆಲವು ನಿಮಿಷ ಬೇಕು. ಎಸಿ ಫ್ಯಾನ್‌ಗಳನ್ನಾದರೂ ಯುಪಿಎಸ್‌ಗೆ ಹಾಕಿ. ಚಿಲ್ಡ್ ವಾಟರ್ ಇದ್ದರೆ ಪಂಪ್‌ಗಳನ್ನೂ.

ರ‍್ಯಾಕ್ ಕಾವಲು

ಎಸಿ ಫ್ಯಾನ್‌ಗಳು ಯುಪಿಎಸ್ ಮೇಲೆ ಇಲ್ಲ. ಇದು ನಮಗೆ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಯುಪಿಎಸ್ ಬ್ಯಾಟರಿಗಳು ಅದೇ ರೂಮಿನ ಮೂಲೆಯಲ್ಲಿವೆ. ಸೆಟ್ ಪಾಯಿಂಟ್ ಏರಿಸಿದರೆ ಅವಕ್ಕೆ ತೊಂದರೆಯೇ?

ಕಾಯೋ ಕೆಲಸ

ಲೆಡ್ ಆಸಿಡ್ ಬ್ಯಾಟರಿ ಆದರೆ ಹೌದು. ಅವಕ್ಕೆ 20–25 ಡಿಗ್ರಿ ಬೇಕು. ಅದಕ್ಕಿಂತ 8–10 ಡಿಗ್ರಿ ಏರಿದರೆ ಆಯುಸ್ಸು ಅರ್ಧ. ಬ್ಯಾಟರಿಗಳನ್ನು ಪಕ್ಕದ ಚಿಕ್ಕ ಕೋಣೆಗೆ ಹಾಕಿ ಅಲ್ಲಿಗೆ ಬೇರೆ ಸಣ್ಣ ಎಸಿ ಕೊಡಿ, ಗಾಳಿ ಹೊರಹೋಗುವ ವ್ಯವಸ್ಥೆಯೂ ಇರಲಿ. ಬ್ಯಾಟರಿಗೋಸ್ಕರ ಇಡೀ ರೂಮನ್ನು ತಣ್ಣಗಿಡುವುದು ದುಬಾರಿ. ಲಿಥಿಯಂ ಆದರೆ ಸ್ವಲ್ಪ ಜಾಸ್ತಿ ಶಾಖ ತಡೆಯುತ್ತದೆ, ಆದರೆ ಅದರ ಬೆಂಕಿ ನಿಯಮಗಳೇ ಬೇರೆ.

ನೀರಿನ ಲೆಕ್ಕ

ಹೊರಗಿನ ಗಾಳಿ ತಣ್ಣಗಿರುವ ಹೊತ್ತಿನಲ್ಲಿ ಕಂಪ್ರೆಸರ್ ಯಾಕೆ ಓಡಿಸಬೇಕು? ಫ್ರೀ ಕೂಲಿಂಗ್ ಬಗ್ಗೆ ಯಾರಾದರೂ ಬರೆಯುತ್ತಾರೆ ಅಂತ ಕಾಯುತ್ತಿದ್ದೆ.

ಸರ್ವರ್‌ಗೆ 24 ಡಿಗ್ರಿ ಗಾಳಿ ಸಾಕು ಎಂದಾದರೆ, ಹೊರಗೆ 18 ಡಿಗ್ರಿ ಇರುವ ರಾತ್ರಿಗಳೆಲ್ಲ ಉಪಯೋಗಕ್ಕೆ ಬರುತ್ತವೆ. 13 ಡಿಗ್ರಿ ಗಾಳಿ ಬೇಕು ಎಂದಾದರೆ ಅವು ಯಾವುವೂ ಉಪಯೋಗವಿಲ್ಲ. ಸೆಟ್ ಪಾಯಿಂಟ್ ಏರಿಸುವುದರ ದೊಡ್ಡ ಲಾಭ ಇಲ್ಲಿದೆ. ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಇರುವವರಿಗೂ ಅಷ್ಟೇ. ನೀರನ್ನು 7 ಡಿಗ್ರಿಗೆ ಬದಲು 16ಕ್ಕೆ ತಣ್ಣಗೆ ಮಾಡಿದರೆ ಸಾಕಾದಾಗ ವರ್ಷದಲ್ಲಿ ಎಷ್ಟೋ ಗಂಟೆ ಕಂಪ್ರೆಸರ್ ಮುಟ್ಟಬೇಕಾಗಿಲ್ಲ. ಮುಟ್ಟಿದಾಗಲೂ, ಪ್ರತಿ ಡಿಗ್ರಿಗೆ ಸುಮಾರು 2–3 ಶೇಕಡಾ ಕರೆಂಟು ಉಳಿಯುತ್ತದೆ.

ಆದರೆ ನೀರು ಆವಿ ಮಾಡಿ ತಂಪು ಮಾಡುವ ಕಡೆ ಲೆಕ್ಕ ಇಟ್ಟುಕೊಳ್ಳಿ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್ (ಕಿಲೋವ್ಯಾಟ್ ಗಂಟೆ) ಶಾಖ ಹೊತ್ತೊಯ್ಯುತ್ತದೆ. ಒಂದು ಮೆಗಾವ್ಯಾಟ್ ಶಾಖವನ್ನು ಪೂರ್ತಿ ಹೀಗೇ ಕಳೆಯಬೇಕಾದರೆ ಗಂಟೆಗೆ ಸುಮಾರು 1,500 ಲೀಟರ್. ದಿನಕ್ಕೆ 36,000. ಹೀಗೆ ನೀರು ಆವಿಯಾಗುವ ಕೂಲಿಂಗ್ ಟವರ್‌ನಲ್ಲಿ ಲವಣ ಸೇರುತ್ತದೆ ಅಂತ ಆಗಾಗ ಹೊರಬಿಡುವ ನೀರು ಇದಕ್ಕೆ ಮೇಲೆ. ನೀರಿನ ಲವಣ ನಾಲ್ಕು ಪಟ್ಟು ಆಗುವವರೆಗೆ ಬಳಸಿದರೆ ಆವಿಯಾದದ್ದರ ಮೂರನೇ ಒಂದು ಭಾಗದಷ್ಟು ಹೀಗೆ ಹೋಗುತ್ತದೆ. ನೀರಿಗೆ ಬರ ಇರುವ ಜಾಗದಲ್ಲಿ ಪಿಯುಇ ಇಳಿಸಲು ನೀರು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ನೀರು ಆವಿ ಮಾಡದೆ ಗಾಳಿಯಿಂದಲೇ ತಣ್ಣಗೆ ಮಾಡುವ ಡ್ರೈ ಕೂಲರ್ ಹಾಕಿ, ಸ್ವಲ್ಪ ಕರೆಂಟು ಜಾಸ್ತಿ ಹೋದರೂ ಪರವಾಗಿಲ್ಲ. ಶಾಖದ ವಿದ್ಯುತ್ ಸ್ಥಾವರದಲ್ಲಿ ಆ ಕರೆಂಟಿಗೂ ನೀರು ಖರ್ಚಾಗುತ್ತದೆ ಎನ್ನುವವರಿದ್ದಾರೆ, ಅದು ಸರಿಯೇ. ಎರಡನ್ನೂ ಕೂಡಿಸಿ ನೋಡಬೇಕು.

ಹೊರಗಿನ ಗಾಳಿಯನ್ನು ನೇರ ಒಳಗೆ ಬಿಡುವವರು ಅಮೆರಿಕದ ಪ್ರೈನ್‌ವಿಲ್‌ನಲ್ಲಿರುವ ಫೇಸ್‌ಬುಕ್ ಡೇಟಾ ಸೆಂಟರ್‌ನ ಕಥೆ ಓದಬೇಕು. 2011ರಲ್ಲಿ ಅಲ್ಲಿ ಕಂಟ್ರೋಲ್ ತಪ್ಪಿ, ಹಾಟ್ ಐಲ್‌ನ ಬಿಸಿ ಒಣ ಗಾಳಿ ನೀರು ಸಿಂಪಡಿಸುವ ಭಾಗಕ್ಕೆ ಮತ್ತೆ ಮತ್ತೆ ಹೋಯಿತು. ತೇವ 95 ಶೇಕಡಾ ದಾಟಿತು. ಕಟ್ಟಡದೊಳಗೇ ಮೋಡದ ಥರ ಆಗಿ ಕೆಲವು ಸರ್ವರ್‌ಗಳ ಪವರ್ ಸಪ್ಲೈ ಕೆಟ್ಟವು. ತಾಪಮಾನಕ್ಕೆ ಕೊಡುವಷ್ಟೇ ಗಮನ ಡ್ಯೂ ಪಾಯಿಂಟ್‌ಗೂ ಬೇಕು. ಹೊರಗಾಳಿಯಲ್ಲಿ ಧೂಳು, ಗಂಧಕದ ಅನಿಲ ಇರುವ ಕಡೆ ಹೀಟ್ ಎಕ್ಸ್‌ಚೇಂಜರ್ ನಡುವೆ ಇಟ್ಟು ಪರೋಕ್ಷವಾಗಿ ತಂಪು ಮಾಡುವುದೇ ಮೇಲು.

ಲ್ಯಾಬ್ ದೀಪ

ನಾವು ಜಿಪಿಯು (ಭಾರೀ ಲೆಕ್ಕಗಳನ್ನು ಮಾಡುವ ಚಿಪ್) ಹಾಕಲು ಹೊರಟಿದ್ದೇವೆ. ಮೇಲೆ ಹೇಳಿದ ಗಾಳಿಯ ಕೆಲಸಗಳೆಲ್ಲ ಅದಕ್ಕೂ ಸಾಲುತ್ತವೆಯೇ? ಒಂದೇ ರ‍್ಯಾಕ್ 120 ಕಿಲೋವ್ಯಾಟ್ ಎನ್ನುತ್ತಿದ್ದಾರೆ. ಇಡೀ ಚರ್ಚೆಯಲ್ಲಿರುವ ರೂಮಿನ ಎರಡರಷ್ಟು ಅದು!

ಚಿಲ್ಲರ್ ಮನೆ

ಮೇಡಂ, ಸಾಲುವುದಿಲ್ಲ. ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ಸುಮಾರು 120 ಕಿಲೋವ್ಯಾಟ್‌ನ ರ‍್ಯಾಕ್. ಅದನ್ನು ಗಾಳಿಯಿಂದ ತಣ್ಣಗೆ ಮಾಡಬೇಕಾದರೆ ಅದೇ 12 ಡಿಗ್ರಿ ಲೆಕ್ಕದಲ್ಲಿ ಗಂಟೆಗೆ 30,000 ಘನ ಮೀಟರ್ ಬೇಕು. ಅಷ್ಟೂ ಗಾಳಿ ಒಂದೇ ರ‍್ಯಾಕ್‌ನ ಮುಖದಿಂದ ಹೋಗಬೇಕಾದರೆ ಸೆಕೆಂಡಿಗೆ ಸುಮಾರು 7 ಮೀಟರ್ ವೇಗ. ಆ ಫ್ಯಾನ್‌ಗಳ ಕರೆಂಟು, ಸದ್ದು ಎರಡೂ ಊಹೆಗೆ ಬಿಟ್ಟದ್ದು.

ಅದೇ ನೀರಿನಲ್ಲಾದರೆ, 10 ಡಿಗ್ರಿ ಏರಿಕೆಗೆ ನಿಮಿಷಕ್ಕೆ ಸುಮಾರು 170 ಲೀಟರ್ ಸಾಕು. ಒಂದು ಪೈಪಿನ ಕೆಲಸ. ಒಂದೇ ಗಾತ್ರದ ಗಾಳಿಗೂ ನೀರಿಗೂ ಹೋಲಿಸಿದರೆ ನೀರು ಸುಮಾರು 3,500 ಪಟ್ಟು ಜಾಸ್ತಿ ಶಾಖ ಹೊರುತ್ತದೆ. ಚಿಪ್ ಮೇಲೆ ಕೋಲ್ಡ್ ಪ್ಲೇಟ್ ಕೂರಿಸಿ ಅದರೊಳಗೆ ದ್ರವ ಹರಿಸುತ್ತಾರೆ. ಸಾಮಾನ್ಯವಾಗಿ ಕಾಲು ಭಾಗ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ನೀರು. ಕಟ್ಟಡದ ನೀರಿಗೂ ಈ ದ್ರವಕ್ಕೂ ನಡುವೆ ಸಿಡಿಯು ಎಂಬ, ಶಾಖ ದಾಟಿಸುವ ಪಂಪ್ ಘಟಕ ಇರುತ್ತದೆ, ಎರಡೂ ಬೆರೆಯುವುದಿಲ್ಲ.

ಕರೆಂಟು ಉಳಿಯುವುದು ಎಲ್ಲಿ ಎಂದರೆ, ಚಿಪ್ ಒಳಗಿನ ತಾಪಮಾನ ಎಷ್ಟೋ ಮೇಲಿರುತ್ತದೆ, ಹಾಗಾಗಿ ದ್ರವ ತಣ್ಣಗಿರಬೇಕಾಗಿಯೇ ಇಲ್ಲ. ಜರ್ಮನಿಯ ಗಾರ್ಶಿಂಗ್‌ನಲ್ಲಿ 2012ರಲ್ಲಿ ಶುರುವಾದ ಸೂಪರ್‌ಎಂಯುಸಿ ಕಂಪ್ಯೂಟರ್‌ಗೆ ಬೆಚ್ಚನೆ ನೀರನ್ನೇ ಹರಿಸುತ್ತಿದ್ದರು. ಹೊರಬಂದ ಶಾಖದಿಂದ ಕಟ್ಟಡ ಬೆಚ್ಚಗಿಡುತ್ತಿದ್ದರು. 35–40 ಡಿಗ್ರಿ ನೀರು ಸಾಕಾದರೆ ಹೊರಗಿನ ಡ್ರೈ ಕೂಲರ್ ಒಂದೇ ವರ್ಷದ ಬಹುಪಾಲು ಸಾಲುತ್ತದೆ. ಕಂಪ್ರೆಸರ್ ಬೇಕಿಲ್ಲ, ಆವಿ ಮಾಡಲು ನೀರೂ ಬೇಕಿಲ್ಲ. ಲಿಕ್ವಿಡ್ ಕೂಲಿಂಗ್ ಹಾಕಿ, ಅದಕ್ಕೆ 7 ಡಿಗ್ರಿ ನೀರು ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದರ ಮುಖ್ಯ ಲಾಭವನ್ನೇ ಬಿಟ್ಟುಕೊಟ್ಟ ಹಾಗಾಯಿತು. ನೀರು ಡ್ಯೂ ಪಾಯಿಂಟ್‌ಗಿಂತ ತಣ್ಣಗಿದ್ದರೆ ಪೈಪ್ ಬೆವರುತ್ತದೆ ಬೇರೆ.

ಗಾಳಿಯ ಕೆಲಸ ಪೂರ್ತಿ ತಪ್ಪುವುದಿಲ್ಲ ಎಂಬುದೂ ನೆನಪಿರಲಿ. ಕೋಲ್ಡ್ ಪ್ಲೇಟ್ ಇಲ್ಲದ ಭಾಗಗಳ ಶಾಖ ರೂಮಿನ ಗಾಳಿಗೇ ಬರುತ್ತದೆ. ಅಂಥ ದೊಡ್ಡ ರ‍್ಯಾಕ್‌ನಲ್ಲಿ ಆ ಉಳಿಕೆಯೇ ಹತ್ತಾರು ಕಿಲೋವ್ಯಾಟ್ ಇರಬಹುದು.

ಕಾಯೋ ಕೆಲಸ

ಲಿಕ್ವಿಡ್‌ಗೆ ಹೋಗುವವರು ಪಂಪ್ ಬಗ್ಗೆ ಯೋಚಿಸಿ. ಗಾಳಿಯ ರೂಮಿನಲ್ಲಿ ಕೂಲಿಂಗ್ ನಿಂತರೆ ನಿಮಿಷಗಳು ಸಿಗುತ್ತವೆ. ಕೋಲ್ಡ್ ಪ್ಲೇಟ್‌ನಲ್ಲಿ ದ್ರವ ನಿಂತರೆ ಸೆಕೆಂಡುಗಳು. ಸಿಡಿಯು ಪಂಪ್‌ಗಳು ಜೋಡಿಯಾಗಿರಬೇಕು, ಯುಪಿಎಸ್ ಮೇಲಿರಬೇಕು. ತಾಮ್ರದ ಕೋಲ್ಡ್ ಪ್ಲೇಟ್ ಇರುವ ಸುತ್ತಿನಲ್ಲಿ ಅಲ್ಯೂಮಿನಿಯಂ ಭಾಗ ಸೇರಿಸಬೇಡಿ, ಸವೆಯುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಹರಿವು ಕುಗ್ಗುತ್ತದೆ. ಅದರ ಪ್ರೆಷರ್ ಮೀಟರ್‌ಗೆ ಅಲಾರಂ ಇರಲಿ.

ಸರ್ವರನ್ನೇ ದ್ರವದಲ್ಲಿ ಮುಳುಗಿಸುವ ಇಮ್ಮರ್ಶನ್ ಕೂಡ ಇದೆ. ಅದರಲ್ಲಿ ದ್ರವ ಕುದಿಯುವ ಬಗೆಗೆ ಬಳಸುತ್ತಿದ್ದ ಫ್ಲೋರಿನ್ ದ್ರವಗಳ ದೊಡ್ಡ ತಯಾರಕರಾದ 3ಎಂ, 2025ರ ಕೊನೆಗೆ ಪಿಎಫ್‌ಎಎಸ್ (ಈ ದ್ರವಗಳು ಸೇರುವ ಫ್ಲೋರಿನ್ ರಾಸಾಯನಿಕಗಳ ಗುಂಪು) ತಯಾರಿಕೆ ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲೇ ಹೇಳಿತ್ತು. ಯಾವ ದ್ರವ, ಮುಂದೆ ಸಿಗುತ್ತದೆಯೇ ಎಂದು ಕೇಳದೆ ಟ್ಯಾಂಕ್ ಕೊಳ್ಳಬೇಡಿ.

ಓಟಿ ಎಂಜಿನಿಯರ್

ಆಸ್ಪತ್ರೆಯ ಎಚ್‌ವಿಎಸಿ (ಗಾಳಿ, ತಂಪಿನ ವ್ಯವಸ್ಥೆ) ನೋಡುತ್ತೇನೆ. ಡೇಟಾ ಸೆಂಟರ್ ಮಾತಿನ ನಡುವೆ ಬಂದದ್ದಕ್ಕೆ ಕ್ಷಮಿಸಿ, ಆದರೆ ಫ್ಯಾನ್ ಲೆಕ್ಕ ನಮಗೂ ಅಷ್ಟೇ ಮುಖ್ಯ.

ಆಪರೇಶನ್ ಥಿಯೇಟರ್‌ಗೆ ಆಶ್ರೇಯ 170 ಮಾನದಂಡದ ಪ್ರಕಾರ ಗಂಟೆಗೆ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ 4 ಸಲ ಹೊರಗಿನ ಗಾಳಿ. ಒಳಗಿನ ಒತ್ತಡ ಹೊರಗಿಗಿಂತ ಜಾಸ್ತಿ ಇರಬೇಕು, ಬಾಗಿಲು ತೆರೆದರೆ ಗಾಳಿ ಹೊರಹೋಗಬೇಕೇ ಹೊರತು ಒಳಗೆ ಬರಬಾರದು. ಆಪರೇಶನ್ ಇಲ್ಲದ ರಾತ್ರಿಯಲ್ಲೂ ಎಷ್ಟೋ ಕಡೆ ಈ 20 ಸಲವನ್ನೇ ಓಡಿಸುತ್ತಾರೆ. ಯಾರೂ ಇಲ್ಲದಾಗ ಗಾಳಿಯ ಪ್ರಮಾಣ ಇಳಿಸಲು ಆ ಮಾನದಂಡವೇ ಅವಕಾಶ ಕೊಡುತ್ತದೆ. ಒತ್ತಡದ ದಿಕ್ಕು ಮಾತ್ರ ಬದಲಾಗಬಾರದು. ಅರ್ಧ ಗಾಳಿಗೆ ಇಳಿಸಿದರೆ ಫ್ಯಾನ್ ಕರೆಂಟು ಎಷ್ಟು ಉಳಿಯುತ್ತದೆ ಎಂದು ಡಕ್ಟ್ ಮೇಸ್ತ್ರಿ ಮೇಲೆ ಹೇಳಿದ್ದಾರೆ. ಸಪ್ಲೈ ಇಳಿಸುವಾಗ ರಿಟರ್ನ್ ಮತ್ತು ಎಕ್ಸಾಸ್ಟ್‌ಗಳನ್ನೂ ಜೊತೆಗೇ ಇಳಿಸಬೇಕು, ಇಲ್ಲವಾದರೆ ಒತ್ತಡ ಉಲ್ಟಾ ಆಗುತ್ತದೆ. ತುರ್ತು ಆಪರೇಶನ್ ಬಂದರೆ ಸಿಬ್ಬಂದಿ ಒಂದೇ ಗುಂಡಿ ಒತ್ತಿ ಪೂರ್ತಿ ಗಾಳಿಗೆ ಮರಳುವಂತಿರಲಿ.

ಸೋಂಕಿನ ರೋಗಿಗಳ ಐಸೊಲೇಶನ್ ರೂಮಿನಲ್ಲಿ ರೋಗಿ ಇರುವಾಗ ಇದನ್ನು ಮಾಡಬೇಡಿ. ಅಲ್ಲಿ 12 ಸಲ, ಒತ್ತಡ ಒಳಮುಖ. ಅದರಲ್ಲಿ ಉಳಿತಾಯ ಹುಡುಕುವುದು ಬೇಡ.

ಸೊನ್ನೆ ಒಂದು

ಒಂದು ಮಾತು ಸೇರಿಸುತ್ತೇನೆ. ಗೂಗಲ್ 2016ರಲ್ಲಿ ತನ್ನದೇ ಡೀಪ್‌ಮೈಂಡ್ ಕಂಪನಿಯ ಎಐ ಬಳಸಿ ಕೂಲಿಂಗ್ ಕರೆಂಟು 40 ಶೇಕಡಾ ಇಳಿಸಿದೆವು ಎಂದಿತ್ತು. ಅದನ್ನು ತೋರಿಸಿ ಈಗ ಸಣ್ಣ ರೂಮುಗಳಿಗೂ ಎಐ ಕಂಟ್ರೋಲರ್ ಮಾರಲು ಬರುತ್ತಾರೆ. ಗೂಗಲ್ ಬಳಿ ಸಾವಿರಾರು ಸೆನ್ಸರ್‌ಗಳ ವರ್ಷಗಟ್ಟಲೆ ದಾಖಲೆ ಇತ್ತು. ನಮ್ಮಲ್ಲಿ ರ‍್ಯಾಕ್ ಮುಂದೆ ಒಂದು ಥರ್ಮಾಮೀಟರೂ ಇರುವುದಿಲ್ಲ. ಮೊದಲು ಸೆನ್ಸರ್ ಹಾಕಿ, ಅಲ್ವಾ? ಹಳೆಯ, ಯಾರೂ ಬಳಸದ ಸರ್ವರ್‌ಗಳನ್ನು ಹುಡುಕಿ ಆಫ್ ಮಾಡಿ. ಓಡದ ಸರ್ವರ್‌ಗೆ ಕೂಲಿಂಗೇ ಬೇಡ.

ರ‍್ಯಾಕ್ ಕಾವಲು

ಹಾಟ್ ಐಲ್‌ನ ಟೈಲ್‌ಗಳನ್ನು ತೆಗೆದೆವು. ಬ್ಲ್ಯಾಂಕಿಂಗ್ ಪ್ಯಾನೆಲ್ ಪೂರ್ತಿ ಹಾಕಿ, ಕೇಬಲ್ ತೂತುಗಳಿಗೆ ಬ್ರಷ್ ಕೂರಿಸಿದೆವು. ಸೆಟ್ ಪಾಯಿಂಟ್ ಇನ್ನೂ ಮುಟ್ಟಿಲ್ಲ. ಕೊನೆಯ ರ‍್ಯಾಕ್‌ನ ಮೇಲಿನ ಸರ್ವರ್ ಈಗ 25 ಡಿಗ್ರಿ ತೋರಿಸುತ್ತಿದೆ. ಎರಡು ಎಸಿಗಳು ತೇವದ ವಿಷಯದಲ್ಲಿ ನಿಜಕ್ಕೂ ಪರಸ್ಪರ ವಿರುದ್ಧ ಕೆಲಸ ಮಾಡುತ್ತಿದ್ದವು, ಎಲ್ಲವನ್ನೂ ಒಂದೇ ಡ್ಯೂ ಪಾಯಿಂಟ್ ಸೆನ್ಸರ್‌ಗೆ ಜೋಡಿಸಿದ್ದೇವೆ. ಐದನೇ ಎಸಿಯ ಮಾತು ನಿಂತಿದೆ.

ಮುಂದೆ ಕೋಲ್ಡ್ ಐಲ್‌ಗೆ ಬಾಗಿಲು, ಚಾವಣಿ ಹಾಕಬೇಕು. ಅದಕ್ಕೆ ಮೊದಲು ಗಮನಿಸಬೇಕಾದದ್ದು ಏನಾದರೂ ಇದೆಯೇ? ನಮ್ಮಲ್ಲಿ ಬೆಂಕಿ ಆರಿಸಲು ಗ್ಯಾಸ್ ವ್ಯವಸ್ಥೆ ಇದೆ.

ಡಕ್ಟ್ ಮೇಸ್ತ್ರಿ

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಚಾವಣಿ ಹಾಕಿದ ಮೇಲೆ ಕೋಲ್ಡ್ ಐಲ್ ಒಂದು ಪ್ರತ್ಯೇಕ ಕೋಣೆ ಆದಂತೆ. ಗ್ಯಾಸ್ ನಾಝಲ್ ಹೊರಗಿದ್ದರೆ ಒಳಗೆ ಬೇಕಾದಷ್ಟು ಗ್ಯಾಸ್ ಮುಟ್ಟದೆ ಇರಬಹುದು. ಹೊಗೆ ಪತ್ತೆ ಮಾಡುವ ಡಿಟೆಕ್ಟರ್ ಮೇಲಿನ ಸೀಲಿಂಗ್‌ನಲ್ಲಿದ್ದರೆ ಐಲ್ ಒಳಗಿನ ಹೊಗೆ ಅದಕ್ಕೆ ತಡವಾಗಿ ಸಿಗುತ್ತದೆ. ಸ್ಪ್ರಿಂಕ್ಲರ್ ಇದ್ದವರಿಗೆ ಚಾವಣಿ ನೀರನ್ನೇ ತಡೆಯುತ್ತದೆ.

ಚಾವಣಿಯ ನಕ್ಷೆಯನ್ನು ಮೊದಲು ಬೆಂಕಿ ವ್ಯವಸ್ಥೆ ಹಾಕಿದವರಿಗೆ ತೋರಿಸಿ, ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಐಲ್ ಒಳಗೆ ಒಂದು ನಾಝಲ್, ಒಂದು ಡಿಟೆಕ್ಟರ್ ಸೇರಿಸುವುದು ಒಂದು ದಾರಿ. ಅಲಾರಂ ಬಂದಾಗ ತಾನಾಗಿ ತೆರೆದುಕೊಳ್ಳುವ ಪ್ಯಾನೆಲ್‌ಗಳು ಇನ್ನೊಂದು ದಾರಿ. ಶಾಖಕ್ಕೆ ಕುಗ್ಗಿ ಬೀಳುವ ಪ್ಯಾನೆಲ್‌ಗಳೂ ಸಿಗುತ್ತವೆ. ಆದರೆ ಅವು ಬೀಳುವಷ್ಟು ಶಾಖ ಬರುವ ಮೊದಲೇ ಗ್ಯಾಸ್ ಬಿಟ್ಟಾಗಿರುತ್ತದೆ, ಹಾಗಾಗಿ ನಿಮ್ಮ ಗ್ಯಾಸ್ ವ್ಯವಸ್ಥೆಗೆ ಅವು ಹೊಂದುವುದಿಲ್ಲ. ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯುವಂತಿರಲಿ. ಗ್ಯಾಸ್ ಬಿಟ್ಟಾಗ ಎಸಿ ಫ್ಯಾನ್ ನಿಲ್ಲಬೇಕೋ ಓಡಬೇಕೋ ಎಂಬುದನ್ನೂ ಅವರ ಹತ್ತಿರವೇ ತೀರ್ಮಾನ ಮಾಡಿಸಿಕೊಂಡು, ಆಮೇಲೆ ಫ್ಯಾನ್‌ಗಳನ್ನು ಯುಪಿಎಸ್‌ಗೆ ಹಾಕಿ.